ತಾತ ನಿಂತಿದ್ದ ಬಾಗಿಲು

ನಮ್ಮ ಮನೆಯಲ್ಲಿ ಒಂದು ತಗಡಿನ ಟ್ರಂಕು ಇದೆ. ಅದರ ತುಂಬ ಕಾಗದ. ತಾತನಿಗೆ ಓದಲು ಬರುತ್ತಿರಲಿಲ್ಲ. ಅಪ್ಪ ನಾಲ್ಕನೇ ಕ್ಲಾಸಿಗೆ ಬಿಟ್ಟು ದನ ಕಾಯಲು ಹೋದವನು. ಓದು ಬಾರದವರ ಮನೆಯಲ್ಲಿ ಕಾಗದ ಬಲು ಜೋಪಾನವಾಗಿರುತ್ತದೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಒಲೆಗೆ ಹಾಕಬೇಕು ಅಂತ ತಿಳಿಯದೆ ಎಲ್ಲವನ್ನೂ ಇಟ್ಟುಕೊಂಡಿರುತ್ತಾರೆ. ಕಂದಾಯದ ರಶೀದಿ, ಸೊಸೈಟಿ ಚೀಟಿ, ಮದುವೆ ಕರೆಯೋಲೆ, ಕೋರ್ಟಿನ ಸಮನ್ಸು ಎಲ್ಲ ಒಂದೇ ಹಳೇ ಪಂಚೆಯಲ್ಲಿ ಗಂಟು.

ತಾತ ತೀರಿಕೊಂಡ ಮೂರನೇ ತಿಂಗಳು ಆ ಗಂಟು ಬಿಚ್ಚಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಪದ್ಯ ಬರೆಯುತ್ತೇನೆ, ಸಭೆಗಳಲ್ಲಿ ಓದುತ್ತೇನೆ, ಭೂಮಿ ಬಗ್ಗೆ ಎಷ್ಟೋ ಸಲ ಗಂಟಲು ಹರಿದುಕೊಂಡಿದ್ದೇನೆ. ಆದರೆ ನಮ್ಮ ಮನೆಯ ಭೂಮಿಯ ಕಾಗದವನ್ನು ಆವತ್ತಿನವರೆಗೆ ಓದಿರಲಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡು ಮುಂದೆ ಬರೆಯುತ್ತೇನೆ.

ಊರ ಹೆಸರು ಹಾಕುತ್ತಿಲ್ಲ. ಕಛೇರಿಯ ಹೆಸರಾಗಲಿ, ದೊಡ್ಡಮನೆಯವರ ಹೆಸರಾಗಲಿ ಹಾಕುತ್ತಿಲ್ಲ. ಹೆಸರು ಹಾಕಿದರೆ ಇದು ಒಂದು ಮನೆಯ ಜಗಳವಾಗಿಬಿಡುತ್ತದೆ. ಮಂಚೇನಹಳ್ಳಿಯ ಸುತ್ತ ಯಾವ ದಿಕ್ಕಿಗೆ ನಡೆದರೂ, ಗೌರಿಬಿದನೂರು ಕಡೆಗಾಗಲಿ ಚಿಕ್ಕಬಳ್ಳಾಪುರದ ಕಡೆಗಾಗಲಿ, ಯಾವ ಕೇರಿಯಲ್ಲಿ ಕೂತು ಕೇಳಿದರೂ ಇಂಥ ಒಂದು ಟ್ರಂಕು ಸಿಕ್ಕುತ್ತದೆ.

ತಾತ ಮಾಡುತ್ತಿದ್ದದ್ದು 2 ಎಕರೆ 30 ಗುಂಟೆ ಖುಷ್ಕಿ ಜಮೀನು. ದೊಡ್ಡಮನೆಯವರದು. ರಾಗಿ, ಅವರೆ, ಮಳೆ ಕೈಹಿಡಿದ ವರ್ಷ ಕಡಲೇಕಾಯಿ. ಬೇಸಾಯವೆಲ್ಲ ತಾತನದು, ಗೊಬ್ಬರ ತಾತನದು, ಬಿತ್ತನೆ ಅರ್ಧ ಅರ್ಧ. ಕಣ ಮಾಡಿ, ಗುಂಡು ಹೊಡೆದು, ತೂರಿ, ರಾಶಿ ಮಾಡಿದ ಮೇಲೆ ದೊಡ್ಡಮನೆಯವರು ಬರೋರು. ರಾಶಿಯ ಎದುರಿಗೆ ಮಂಚ ಹಾಕಿಸಿಕೊಂಡು ಕೂರೋರು. ಎರಡು ಪಾಲು. ಒಂದು ಅವರ ಗಾಡಿಗೆ, ಒಂದು ನಮ್ಮ ಮನೆಗೆ. ನಮ್ಮ ಪಾಲಿನಲ್ಲಿ ಬಿತ್ತನೆ ಸಾಲ, ಹಬ್ಬದ ಸಾಲ, ಅಜ್ಜಿಯ ಮದುವೆಯ ಸಾಲ ಮುರಕೊಂಡು ಮಿಕ್ಕಿದ್ದನ್ನು ಅಜ್ಜಿ ಸೆರಗಿನಲ್ಲಿ ಕಟ್ಟಿ ತರುತ್ತಿದ್ದಳು. ಇದಕ್ಕೆ ನಮ್ಮ ಕಡೆ ವಾರ ಅನ್ನುತ್ತಾರೆ. ವಾರಕ್ಕೆ ಮಾಡೋದು.

ಈ ‘ವಾರ’ ಅನ್ನುವ ಎರಡಕ್ಷರವನ್ನು ಗೆಳೆಯರು ಜ್ಞಾಪಕದಲ್ಲಿಡಬೇಕು. ನಮ್ಮ ಮನೆಯ ಬದುಕು ಅದರ ಮೇಲೆ ನಿಂತಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಸೀಮೆ 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಬಾವುಟಕ್ಕಾಗಿ ಗುಂಡು ತಿಂದ ಸೀಮೆ. ಆ ಬಾವುಟದ ಸ್ವಾತಂತ್ರ್ಯ ನಮ್ಮ ಕೇರಿಯ ಬಾಗಿಲಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಅದೂ ಕಾಗದದಲ್ಲಿ. ಆವತ್ತಿನಿಂದ ಭೂಸುಧಾರಣಾ ಕಾಯ್ದೆಯ ದೊಡ್ಡ ತಿದ್ದುಪಡಿ ಜಾರಿಗೆ ಬಂತು. ದೇವರಾಜ ಅರಸರ ಸರ್ಕಾರ ತಂದದ್ದು. 44ನೇ ಸೆಕ್ಷನ್ನಿನ ಪ್ರಕಾರ ಗೇಣಿಗೆ ಕೊಟ್ಟ ಭೂಮಿಯೆಲ್ಲ ಆ ದಿನವೇ ಸರ್ಕಾರಕ್ಕೆ ಸೇರಿತು. ಒಡೆಯನ ಹಕ್ಕು ಅಲ್ಲಿಗೆ ಮುಗಿಯಿತು. ಉಳುತ್ತಿದ್ದವನು ನಮೂನೆ 7ರಲ್ಲಿ ಅರ್ಜಿ ಹಾಕಿದರೆ ಅಧಿಭೋಗದಾರ ಅಂತ ಅವನ ಹೆಸರಿಗೆ ಭೂಮಿ ನೋಂದಾಯಿಸಿ ಕೊಡಬೇಕು. ಅರ್ಜಿಯ ಗಡುವನ್ನು ಮತ್ತೆ ಮತ್ತೆ ಮುಂದೂಡಿ ಕಡೆಗೆ 1979ರ ಜೂನ್ 30ಕ್ಕೆ ಮುಗಿಸಿದರು.

1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಹೋರಾಡಿದ್ದು ಅಳತೆಯ ಕೊಳಗದ ವಿಚಾರಕ್ಕೆ ಹತ್ತಿದ ಬೆಂಕಿಯಿಂದ. ಲೋಹಿಯಾ ಅಲ್ಲಿಗೆ ಬಂದು ಜೈಲಿಗೆ ಹೋದರು. ಅದಕ್ಕೂ ಹಿಂದೆ 1937ರಲ್ಲಿ ಬಾಬಾಸಾಹೇಬರು ಮುಂಬಯಿ ಶಾಸನಸಭೆಯಲ್ಲಿ ಕೊಂಕಣದ ಖೋತಿ ಪದ್ಧತಿ ಹೋಗಲಿ ಅಂತ ಮಸೂದೆ ತಂದರು. ‘ಉಳುವವನೇ ಹೊಲದೊಡೆಯ’ ಅನ್ನುವ ಮಾತು ಸುಮ್ಮನೆ ಬರಲಿಲ್ಲ. ಆದರೆ ಘೋಷಣೆ ಕಾಯ್ದೆಯಾದ ಮೇಲೆ ಅದು ಬೇರೆ ಭಾಷೆ ಮಾತಾಡಲು ಶುರುಮಾಡುತ್ತದೆ. ಆ ಭಾಷೆಯಲ್ಲಿ ಮೊದಲ ಪ್ರಶ್ನೆ ಇದು: ‘ಉಳುವವನು’ ಯಾರು? ಎರಡನೆಯ ಪ್ರಶ್ನೆ: ಅದನ್ನು ತೀರ್ಮಾನ ಮಾಡುವವರು ಯಾರು?

ಮೊದಲನೆಯದಕ್ಕೆ ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿ ಉತ್ತರವಿದೆ. ಇನ್ನೊಬ್ಬರ ಭೂಮಿಯನ್ನು ನ್ಯಾಯವಾಗಿ ಸಾಗುವಳಿ ಮಾಡುವವನನ್ನು ಗೇಣಿದಾರ ಅಂತಲೇ ಭಾವಿಸತಕ್ಕದ್ದು. ಯಾರು ಗೇಣಿದಾರರಲ್ಲ? ಒಡೆಯನ ಮನೆಯವನು ಅಲ್ಲ. ಭೋಗ್ಯಕ್ಕೆ ಹಿಡಿದವನು ಅಲ್ಲ. ಕೂಲಿ ಪಡೆಯುವ ಆಳು ಅಲ್ಲ. ಈ ಕೊನೆಯದಕ್ಕೆ ಒಂದು ಬಾಲ ಇದೆ. ಕೂಲಿ ದುಡ್ಡಿನಲ್ಲಿ ಇರಬಹುದು, ಕಾಳಿನಲ್ಲೂ ಇರಬಹುದು. ಆದರೆ ಬೆಳೆಯಲ್ಲಿ ಪಾಲಾಗಿರಬಾರದು. ಬೆಳೆಯಲ್ಲಿ ಪಾಲು ಪಡೆದನೋ, ಅವನು ಆಳಲ್ಲ, ಗೇಣಿದಾರ.

ಇದನ್ನು ಓದಿದಾಗ ರಾತ್ರಿ ಹನ್ನೊಂದು ಗಂಟೆ. ನಾನು ಎದ್ದು ಹೊರಗೆ ಬಂದು ಕೂತೆ. ರಾಶಿಯ ಎದುರು ಹಾಕಿದ ಮಂಚ, ಎರಡು ಪಾಲು, ಗಾಡಿ, ಅಜ್ಜಿಯ ಸೆರಗು, ಎಲ್ಲ ಕಣ್ಣ ಮುಂದೆ ಬಂತು. ಆ ಕಣದಲ್ಲಿ ಪ್ರತಿ ಸುಗ್ಗಿಗೂ ತಾತನ ಕೈಗೆ ಬರುತ್ತಿದ್ದದ್ದು ಬರೀ ರಾಗಿಯಲ್ಲ, ಸಾಕ್ಷಿ. ತಿಂದು ಮುಗಿಸಿಬಿಟ್ಟೆವು.

ಇನ್ನು ಎರಡನೆಯ ಪ್ರಶ್ನೆ. ತೀರ್ಮಾನ ಮಾಡುವವರು ಯಾರು?

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಸೆಕ್ಷನ್ ಪ್ರಕಾರ ಯಾವ ಸಿವಿಲ್ ಜಗಳವನ್ನಾದರೂ ಸಿವಿಲ್ ಕೋರ್ಟು ವಿಚಾರಣೆ ಮಾಡಬಹುದು, ಕಾನೂನು ಬೇಡ ಅಂತ ಹೇಳಿದ್ದನ್ನು ಬಿಟ್ಟು. ಭೂಸುಧಾರಣಾ ಕಾಯ್ದೆಯ 132ನೇ ಸೆಕ್ಷನ್ ಬೇಡ ಅಂತ ಹೇಳಿತು. ಈ ಕಾಯ್ದೆಯಡಿ ಭೂ ನ್ಯಾಯಮಂಡಳಿ ತೀರ್ಮಾನ ಮಾಡಬೇಕಾದ ಪ್ರಶ್ನೆಗೆ ಸಿವಿಲ್ ಕೋರ್ಟು ಕೈಹಾಕುವ ಹಾಗಿಲ್ಲ. 133ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಭೂಮಿಯ ದಾವೆಯಲ್ಲಿ ಒಬ್ಬನು ‘ನಾನು 1974ರ ಮಾರ್ಚ್ 1ಕ್ಕೂ ಹಿಂದಿನಿಂದ ಗೇಣಿದಾರ’ ಅಂತ ಹೇಳಿದರೆ, ಕೋರ್ಟು ಆ ಪ್ರಶ್ನೆಯ ಮಟ್ಟಿಗೆ ದಾವೆಯನ್ನು ನಿಲ್ಲಿಸಿ ಅದನ್ನು ನ್ಯಾಯಮಂಡಳಿಗೆ ಕಳಿಸಬೇಕು. ಕೋರ್ಟು ಮೊದಲೇ ಕೊಟ್ಟಿದ್ದ ತಾತ್ಕಾಲಿಕ ತಡೆಯಾಜ್ಞೆ ಇದ್ದರೆ ಅದು ತಾನಾಗೇ ಬಿದ್ದುಹೋಗುತ್ತದೆ. ಇನ್ನೊಂದು ಆಜ್ಞೆ ಬೇಕಿದ್ದರೆ ಅದನ್ನು ಕೊಡುವುದೂ ನ್ಯಾಯಮಂಡಳಿಯೇ.

ನ್ಯಾಯಮಂಡಳಿ ಅಂದರೆ ಯಾರು? ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷ. ಸರ್ಕಾರ ನೇಮಿಸಿದ ನಾಲ್ಕು ಜನ ಸದಸ್ಯರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಲೇಬೇಕು. ವಕೀಲರು ಒಳಗೆ ಬರುವ ಹಾಗಿರಲಿಲ್ಲ. ವಕೀಲನಿಗೆ ದುಡ್ಡು ಕೊಡಲಾರದವನು ದುಡ್ಡಿದ್ದವನ ಮುಂದೆ ಸೋಲಬಾರದು ಅನ್ನುವುದು ಅದರ ಆಶಯ. ಆ ಕಲಮನ್ನು 1987ರಲ್ಲಿ ಸುಪ್ರೀಂ ಕೋರ್ಟು ಬೀಳಿಸಿತು, ವಕೀಲರ ಹಕ್ಕು ಕೇಂದ್ರದ ಕಾಯ್ದೆಗೆ ಸೇರಿದ್ದು ಅಂತ. ಆದರೆ ನಾನು ಹೇಳುತ್ತಿರುವುದು ಅದಕ್ಕೂ ಹಿಂದಿನ ಮಾತು.

ಒಂದು ಸಲ ಯೋಚನೆ ಮಾಡಿ. ನಮ್ಮ ತಾತಂದಿರು ಯಾವ ಕಛೇರಿಯ ಜಗಲಿಯನ್ನೂ ಚಪ್ಪಲಿ ಹಾಕಿಕೊಂಡು ಹತ್ತಲಿಲ್ಲ. ಅಂಥ ಕಾಲದಲ್ಲಿ ಒಂದು ಮೇಜು ಬಂತು. ಆ ಮೇಜಿನ ಹಿಂದೆ ಒಂದು ಕುರ್ಚಿಯಲ್ಲಿ ನಮ್ಮ ಜನದವನೊಬ್ಬ ಕೂತಿದ್ದ. ಎದುರಾಳಿಯ ಪಕ್ಕದಲ್ಲಿ ಕರಿಕೋಟು ಇರಲಿಲ್ಲ. ಕೇಳುವ ಪ್ರಶ್ನೆ ಒಂದೇ: ಆ ತಾರೀಖಿಗೆ ನೇಗಿಲು ಹಿಡಿದಿದ್ದವರು ಯಾರು?

ಆ ಮೇಜಿನ ಮುಂದೆ ನಮ್ಮ ತಾತ ಹೋಗಲೇ ಇಲ್ಲ.

ಹೋಗಬಾರದು ಅಂತ ಹೋಗದೇ ಇದ್ದದ್ದಲ್ಲ. 1974ರಲ್ಲಿ ಊರಿನ ಮೇಷ್ಟರೊಬ್ಬರು ಹಟ್ಟಿಗೆ ಬಂದು, ದೀಪದ ಬೆಳಕಿನಲ್ಲಿ ಕೂತು, ನಮೂನೆ 7 ತುಂಬಿ ಹೆಬ್ಬೆಟ್ಟು ಹಾಕಿಸಿ ಕಳಿಸಿದ್ದರು. ಅರ್ಜಿ ತಲುಪಿದ ಹಿಂಬರಹದ ಚೀಟಿ ಟ್ರಂಕಿನಲ್ಲಿದೆ. ಮೂಲೆಗಳು ಹರಿದಿವೆ, ನಂಬರು ಕಾಣಿಸುತ್ತದೆ. ದೊಡ್ಡಮನೆಯವರಿಗೆ ಸುದ್ದಿ ಹೋಯಿತು. ಅವರು ಹೊಡೆಯಲಿಲ್ಲ, ಬೈಯಲಿಲ್ಲ. ಅವರು 1976ರಲ್ಲಿ ಸಿವಿಲ್ ಕೋರ್ಟಿಗೆ ಹೋಗಿ ದಾವೆ ಹಾಕಿದರು. ದಾವೆಯಲ್ಲಿ ಬರೆಸಿದ ಮಾತು ಇದು: ಜಮೀನು ನಮ್ಮ ಸ್ವಂತ ಸಾಗುವಳಿ, ಪ್ರತಿವಾದಿ ನಮ್ಮ ಮನೆಯ ಆಳು, ಸಾಲಕ್ಕೆ ದುಡಿಯುತ್ತಿದ್ದವನು, ಈಗ ಸುಳ್ಳು ಹಕ್ಕು ಹೇಳುತ್ತಿದ್ದಾನೆ, ಅವನು ಜಮೀನಿಗೆ ಕಾಲಿಡದ ಹಾಗೆ ಆಜ್ಞೆ ಕೊಡಬೇಕು. ಪಹಣಿಯ 12ನೇ ಕಾಲಂ ತೋರಿಸಿದರು. ಸಾಗುವಳಿದಾರರ ಹೆಸರು ಬರೆಯುವ ಕಾಲಂ. ಅದರಲ್ಲಿ ‘ಸ್ವಂತ’ ಅಂತ ಇತ್ತು. ಪಹಣಿ ಬರೆಯುವವರು ಊಟ ಮಾಡುತ್ತಿದ್ದದ್ದು ದೊಡ್ಡಮನೆಯಲ್ಲೇ. ಅವರಿಗೆ ಕೇರಿಯ ಕಣ ಕಾಣಿಸಲಿಲ್ಲ.

ತಡೆಯಾಜ್ಞೆ ಆಯಿತು. ಆಜ್ಞೆ ಬಂದ ದಿನ ತಾತ ಹೊಲದಲ್ಲಿದ್ದ. ರಾಗಿ ಪೈರು ಮೊಣಕಾಲುದ್ದ. ಅಮೀನ ಓದಿ ಹೇಳಿದ. ತಾತ ಕುಂಟೆಯನ್ನು ಅಲ್ಲೇ ಬಿಟ್ಟು ಎತ್ತು ಹೊಡಕೊಂಡು ಬಂದುಬಿಟ್ಟ. ‘ಕೋಲ್ಟು ಬ್ಯಾಡ ಅಂದ್ಮೇಲೆ ಬ್ಯಾಡ’ ಅನ್ನೋನು. ಆ ವರ್ಷದ ರಾಗಿಯನ್ನು ಬೇರೆಯವರು ಕೊಯ್ದರು.

ತಾತನ ಪರವಾಗಿ ಒಬ್ಬರು ವಕೀಲರು ನಿಂತರು. ಎರಡು ಕುರಿ ಮಾರಿದ ದುಡ್ಡು. ಅವರು ಹಾಕಿದ ಜವಾಬಿನ ನಕಲು ಇದೆ. ‘ಜಮೀನು ನನ್ನ ಸ್ವಾಧೀನದಲ್ಲಿದೆ, ವಾದಿಯ ಮಾತು ಸುಳ್ಳು’ ಅಂತ ಬರೆದಿದೆ. ‘ನಾನು ವಾರದ ಗೇಣಿದಾರ, ನಮೂನೆ 7 ಹಾಕಿದ್ದೇನೆ’ ಅನ್ನುವ ಒಂದು ಸಾಲು ಇಲ್ಲ. ಗುಮಾಸ್ತನಿಗೆ ತಾತ ಹೇಳಲಿಲ್ಲವೋ, ಗುಮಾಸ್ತ ಕೇಳಲಿಲ್ಲವೋ. ಆ ಒಂದು ಸಾಲು ಇದ್ದಿದ್ದರೆ 133ನೇ ಸೆಕ್ಷನ್ ಎದ್ದು ನಿಲ್ಲುತ್ತಿತ್ತು. ತಡೆಯಾಜ್ಞೆ ಬಿದ್ದುಹೋಗುತ್ತಿತ್ತು. ತಾತ ಮತ್ತೆ ಹೊಲಕ್ಕೆ ಇಳಿಯಬಹುದಿತ್ತು. ಆ ವಕೀಲರ ಮೇಲೆ ಕೋಪ ಮಾಡಿಕೊಂಡು ಪ್ರಯೋಜನವಿಲ್ಲ. ಅವರು ಹೋಗಬಹುದಾಗಿದ್ದ ಬಾಗಿಲು ಅದೊಂದೇ. ತಮಗೆ ಗೊತ್ತಿದ್ದ ಬಾಗಿಲಿಗೆ ತಾತನನ್ನು ಕರೆದುಕೊಂಡು ಹೋದರು.

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ.

ನಾನು ಚಿಕ್ಕವನಾಗಿದ್ದಾಗಿನಿಂದ ತಾತ ಒಂದು ದಿನದ ಕತೆ ಹೇಳುತ್ತಿದ್ದ. ‘ಆವತ್ತು ಬೆಳಗಿಂದ ಸಂಜೆಗಂಟ ಕೋಲ್ಟು ಮುಂದೆ ನಿಂತಿದ್ದೆ ಕಣಪ್ಪಾ. ವಕೀಲರಿಗೆ ಅಂತ ಒಂದು ಚೀಲ ಹಸೀ ಕಡ್ಲೇಕಾಯಿ ತಕ್ಕೊಂಡು ಓಗಿದ್ದೆ. ಕೂತ್ಕೊಂಡ್ರೆ ಎಲ್ಲಿ ನನ್ನೆಸ್ರು ಕೇಳಿಸ್ದಂಗೆ ಆಗ್ತದೋ ಅಂತ ಕೂರ್ಲೇ ಇಲ್ಲ. ನೀರು ಕುಡಿಯಾಕೂ ಓಗ್ಲಿಲ್ಲ. ಅವ್ರು ಕರೀಲೇ ಇಲ್ಲ. ಸಂಜೆಗೆ ಮುಂದಕ್ಕಾಕವ್ರೆ ಓಗು ಅಂದ್ರು.’ ಇದನ್ನು ಹೇಳಿ ನಗೋನು. ನಾವೂ ನಗುತ್ತಿದ್ದೆವು. ಕಡಲೇಕಾಯಿ ಚೀಲದ ಕತೆ ಅಂತಲೇ ನಮ್ಮ ಮನೆಯಲ್ಲಿ ಅದಕ್ಕೆ ಹೆಸರು.

ಟ್ರಂಕಿನಲ್ಲಿ ಆ ದಿನದ ಎರಡು ಕಾಗದ ಇವೆ. ಒಂದು ಸಿವಿಲ್ ಕೋರ್ಟಿನದು, 1978ರ ಆಗಸ್ಟಿನ ಒಂದು ತಾರೀಖಿಗೆ ಹಾಜರಾಗಬೇಕು ಅಂತ. ಇನ್ನೊಂದು ಭೂ ನ್ಯಾಯಮಂಡಳಿಯ ನೋಟೀಸು. ಅದೇ ಆಗಸ್ಟು, ಅದೇ ತಾರೀಖು, ಬೆಳಿಗ್ಗೆ ಹನ್ನೊಂದು ಗಂಟೆ. ಎರಡನ್ನೂ ನಾಲ್ಕು ಮಡಿಕೆ ಮಾಡಿ ಒಂದರೊಳಗೊಂದು ಇಟ್ಟಿದ್ದಾನೆ. ಆವತ್ತು ಎರಡೂ ಅವನ ಅಂಗಿಯ ಜೇಬಿನಲ್ಲೇ ಇದ್ದವು. ಸರ್ಕಾರದ ಮೊಹರು ಎರಡಕ್ಕೂ ಇತ್ತು. ಒಂದೇ ಕೋರ್ಟಿಗೆ ಎರಡು ಕಾಗದ ಬಂದಿದೆ ಅಂದುಕೊಂಡ.

ಮೂರನೆಯ ಕಾಗದ ನ್ಯಾಯಮಂಡಳಿಯ ಆದೇಶ. ಅರ್ಧ ಪುಟ. ಅರ್ಜಿದಾರನನ್ನು ಮೂರು ಸಲ ಕೂಗಿಸಲಾಗಿ ಹಾಜರಿಲ್ಲ, ಪಹಣಿಯಲ್ಲಿ ಅರ್ಜಿದಾರನ ಹೆಸರಿಲ್ಲ, ಅರ್ಜಿ ವಜಾ ಮಾಡಿದೆ.

ಎರಡು ಕಟ್ಟಡಗಳ ನಡುವೆ ಒಂದು ರಸ್ತೆ ಇತ್ತು, ಅಷ್ಟೆ. ರಸ್ತೆಯ ಈ ಕಡೆ ಹೆಸರು ಕೇಳಿಸದೆ ಹೋದೀತು ಅಂತ ಕೂರದೆ ನಿಂತವನು ನಮ್ಮ ತಾತ. ಆ ಕಡೆ ಮೂರು ಸಲ ಕೂಗಿದ ಹೆಸರು ನಮ್ಮ ತಾತನದು. ಅಧಿಕಾರವಿಲ್ಲದ ಬಾಗಿಲಲ್ಲಿ ಇಡೀ ದಿನ ಹಾಜರಿ. ಅಧಿಕಾರವಿದ್ದ ಬಾಗಿಲಲ್ಲಿ ಗೈರುಹಾಜರಿ. ನಮ್ಮ ಜನ ನ್ಯಾಯಕ್ಕೆ ಬರುವುದಿಲ್ಲ, ಸೋಮಾರಿಗಳು, ಕೊಟ್ಟದ್ದನ್ನೂ ಉಳಿಸಿಕೊಳ್ಳಲಿಲ್ಲ ಅಂತ ಹೇಳುವ ಪಂಡಿತರಿಗೆ ಈ ಮೂರು ಕಾಗದ ತೋರಿಸಬೇಕು ಅಂತ ನನಗೆ ಆಸೆ.

ದಾವೆಯಲ್ಲಿ ದೊಡ್ಡಮನೆಯವರು ಬರೆಸಿದ ಮಾತನ್ನು ಇನ್ನೊಮ್ಮೆ ನೋಡಿ. ‘ಸಾಲಕ್ಕೆ ದುಡಿಯುವ ಆಳು.’ ಇದನ್ನೇ ನಿಜ ಅಂತ ಇಟ್ಟುಕೊಳ್ಳೋಣ. ಸಾಲಕ್ಕೆ ದುಡಿಯುವುದು ಜೀತ. ಜೀತ ಪದ್ಧತಿಯನ್ನು 1975ರ ಅಕ್ಟೋಬರಿನಲ್ಲೇ ಸುಗ್ರೀವಾಜ್ಞೆ ತಂದು ರದ್ದು ಮಾಡಿದ್ದರು. 1976ರಲ್ಲಿ ಅದೇ ಕಾಯ್ದೆಯಾಯಿತು. ಜೀತದ ಸಾಲವೆಲ್ಲ ಮನ್ನಾ. ಆ ಕಾಯ್ದೆಯೂ ಸಿವಿಲ್ ಕೋರ್ಟನ್ನು ಹೊರಗಿಟ್ಟಿದೆ. ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟರದು. ತಾತ ವಾರದವನಾಗಿದ್ದರೆ ಭೂಮಿ ಅವನದು. ಜೀತದವನಾಗಿದ್ದರೆ ಸಾಲದಿಂದ ಬಿಡುಗಡೆ ಅವನದು, ಜೀತಕ್ಕಿಟ್ಟುಕೊಂಡವನಿಗೆ ಜೈಲು. ಅದನ್ನು ತಾವೇ ಬರೆದು, ಸಹಿ ಮಾಡಿ, ಕೋರ್ಟಿಗೆ ಕೊಟ್ಟಿದ್ದಾರೆ! ಎರಡು ಕಾನೂನಿನಲ್ಲೂ ಗೆಲ್ಲಬೇಕಾದವನು ಎರಡರಲ್ಲೂ ಸೋತ. ಸಾಲವನ್ನೂ ತೀರಿಸಿದ. ಅಪ್ಪನನ್ನು ಶಾಲೆ ಬಿಡಿಸಿ ದನ ಕಾಯಲು ಕಳಿಸಿದ್ದು ಅದಕ್ಕೇ.

ಕಾನೂನು ಕಲಿಯುತ್ತಿರುವ ಗೆಳೆಯನೊಬ್ಬನಿಗೆ ಇದನ್ನೆಲ್ಲ ತೋರಿಸಿದೆ. ಅವನು ಬಹಳ ಹೊತ್ತು ಓದಿ ಹೇಳಿದ: ‘ಜುರಿಸ್‌ಡಿಕ್ಷನ್ ಅನ್ನೋದು ಕಾಲೇಜಲ್ಲಿ ನಮಗೆ ಒಂದು ಪಾಠ ಕಣಯ್ಯ. ಹತ್ತು ಮಾರ್ಕ್ಸಿನ ಪ್ರಶ್ನೆ.’ ನಮಗೆ ಅದು 2 ಎಕರೆ 30 ಗುಂಟೆಯ ಪ್ರಶ್ನೆ ಅಂದೆ.

ಹಳ್ಳಿ ಮೇಷ್ಟರುಗಳು, ವಿದ್ಯಾರ್ಥಿಗಳು, ಸಂಘಟನೆಯ ಗೆಳೆಯರು ಈ ಪತ್ರಿಕೆ ಓದುತ್ತೀರಿ. ಅದಕ್ಕೆ ಪದ್ಯ ಬಿಟ್ಟು ಬಾಗಿಲುಗಳ ಲೆಕ್ಕ ಬರೆಯುತ್ತಿದ್ದೇನೆ. ನಾಳೆ ನಿಮ್ಮ ಹತ್ತಿರ ಯಾರಾದರೂ ಗಂಟು ಬಿಚ್ಚಿದಾಗ ಕೆಲಸಕ್ಕೆ ಬರಲಿ.

1974ಕ್ಕೆ ಹಿಂದಿನ ಗೇಣಿಯೋ ಅಲ್ಲವೋ ಅನ್ನುವ ಪ್ರಶ್ನೆ ಭೂ ನ್ಯಾಯಮಂಡಳಿಯದು. ನಮೂನೆ 7 ಹಾಕಿದವರ ಪ್ರಕರಣ ತೀರ್ಮಾನವಾಗದೆ ಉಳಿದಿದ್ದರೆ, ಹೈಕೋರ್ಟಿನಿಂದ ವಾಪಸು ಬಂದಿದ್ದರೆ ಅದೂ ಅಲ್ಲಿಗೇ. ಗಡುವಿನೊಳಗೆ ನಮೂನೆ 7 ಹಾಕಲಾಗದೆ, ಭೂಮಿಯನ್ನು ಮಾತ್ರ ಬಿಡದೆ ಉಳುತ್ತಿದ್ದವರಿಗೆ 1998ರಲ್ಲಿ 77ಎ ಸೆಕ್ಷನ್ ಜಾರಿಗೆ ತಂದು ನಮೂನೆ 7ಎ ಕೊಟ್ಟರು. ಅದರ ಅಧಿಕಾರ ಡೆಪ್ಯೂಟಿ ಕಮಿಷನರದು, ನ್ಯಾಯಮಂಡಳಿಯದಲ್ಲ. ನ್ಯಾಯಮಂಡಳಿಯ ಆದೇಶದ ಮೇಲೆ 1986ರಲ್ಲಿ ಮೇಲ್ಮನವಿ ಪ್ರಾಧಿಕಾರ ಬಂತು, 1990ರಲ್ಲಿ ರದ್ದಾಯಿತು. ಅಲ್ಲಿಂದೀಚೆಗೆ ಹೈಕೋರ್ಟಿನ ರಿಟ್ ಒಂದೇ ದಾರಿ. ಅಧಿಭೋಗದ ಹಕ್ಕು ಸಿಕ್ಕಿದ ಭೂಮಿಯನ್ನು ಅಣ್ಣತಮ್ಮಂದಿರು, ಅಕ್ಕತಂಗಿಯರು ಪಾಲು ಮಾಡಿಕೊಳ್ಳುವ ಜಗಳ ಮಾತ್ರ ಸಿವಿಲ್ ಕೋರ್ಟಿಗೇ ಹೋಗುತ್ತದೆ.

ಸರ್ಕಾರ ನಮಗೆ ಮಂಜೂರು ಮಾಡಿಕೊಟ್ಟ ಭೂಮಿಯನ್ನು ಯಾರಾದರೂ ಬರೆಸಿಕೊಂಡಿದ್ದರೆ ಅದು ಬೇರೆ ಬಾಗಿಲು. 1978ರ ಪಿ.ಟಿ.ಸಿ.ಎಲ್. ಕಾಯ್ದೆ, ಜಾರಿಗೆ ಬಂದದ್ದು 1979ರ ಜನವರಿ 1ರಿಂದ. ಅರ್ಜಿ ಅಸಿಸ್ಟೆಂಟ್ ಕಮಿಷನರಿಗೆ, ಮೇಲ್ಮನವಿ ಡೆಪ್ಯೂಟಿ ಕಮಿಷನರಿಗೆ. ಬಹಳ ತಡವಾಗಿ ಬಂದಿರಿ ಅಂತ 2017ರ ಸುಪ್ರೀಂ ಕೋರ್ಟಿನ ತೀರ್ಪೊಂದರ ಮೇಲೆ ನಮ್ಮವರ ಅರ್ಜಿಗಳು ಸಾಲುಸಾಲಾಗಿ ಬಿದ್ದವು. ಜನ ಬೀದಿಯಲ್ಲಿ ಕೂತ ಮೇಲೆ 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಬಂತು.

ಇನ್ನು ಬೆಂಗಳೂರಿನಲ್ಲಿ ಬಾಡಿಗೆ ಮನೆಯ ತಗಾದೆಗೆ ಸ್ಮಾಲ್ ಕಾಸಸ್ ಕೋರ್ಟು ಇದೆ. ನಾನು ಅಲ್ಲಿ ಕೆಲಸಕ್ಕಿದ್ದ ಎರಡು ವರ್ಷದಲ್ಲಿ ಮೂರು ರೂಮು ಬದಲಾಯಿಸಿದೆ. ‘ಯಾವ ಕಡೆಯವರು ನೀವು? ಮಾಂಸ ಮಾಡ್ತೀರಾ?’ ಅಂತ ಕೇಳಿ ಬಾಗಿಲಲ್ಲೇ ಕಳಿಸಿದವರ ಲೆಕ್ಕ ಇಟ್ಟಿಲ್ಲ. ಬಾಡಿಗೆದಾರ ಆದ ಮೇಲೆ ಕೋರ್ಟಿದೆ. ಬಾಡಿಗೆದಾರ ಆಗಲು ಬಿಡದವನ ಎದುರು ಆ ಕೋರ್ಟು ಬಾಯಿ ತೆರೆಯುವುದಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ಈಗಿನ ವಾರ. ಮಂಚೇನಹಳ್ಳಿ ಸುತ್ತ ಈಗಲೂ ವಾರಕ್ಕೆ ಮಾಡುವವರು ಇದ್ದಾರೆ. ಜೋಳ, ಟೊಮ್ಯಾಟೊ, ಹಿಪ್ಪುನೇರಳೆ. ಎಲ್ಲ ಬಾಯಿಮಾತು. 1974ರ ಮೇಲೆ ಹೊಸದಾಗಿ ಗೇಣಿಗೆ ಕೊಡುವುದನ್ನೇ 5ನೇ ಸೆಕ್ಷನ್ ನಿಷೇಧ ಮಾಡಿದೆ, ಸೈನಿಕರಂಥ ಒಂದೆರಡು ವಿನಾಯಿತಿ ಬಿಟ್ಟು. ಹಾಗಾಗಿ ಇವತ್ತಿನ ವಾರದವನು ಕಾಯ್ದೆಯ ಕಣ್ಣಿಗೆ ಇಲ್ಲವೇ ಇಲ್ಲ. ಬೆಳೆ ನಷ್ಟವಾದರೆ ಪರಿಹಾರ ಪಹಣಿಯಲ್ಲಿ ಹೆಸರಿದ್ದವನ ಬ್ಯಾಂಕಿಗೆ ಹೋಗುತ್ತದೆ. ಒಡೆಯ ನಡುಬೆಳೆಯಲ್ಲಿ ಎದ್ದು ಹೋಗು ಅಂದರೆ ಹೋಗಬೇಕು. ತಾತನಿಗೆ ಎರಡು ಬಾಗಿಲಿದ್ದವು, ತಪ್ಪಿದ್ದರಲ್ಲಿ ನಿಂತ. ಇವನಿಗೆ ನಿಲ್ಲಲು ಬಾಗಿಲೇ ಇಲ್ಲ. 2020ರಲ್ಲಿ 79ಎ, 79ಬಿ ಸೆಕ್ಷನ್ನುಗಳನ್ನು ತೆಗೆದು, ಬೇಸಾಯದವರಲ್ಲದವರೂ ಭೂಮಿ ಕೊಳ್ಳಬಹುದು ಅಂತ ಮಾಡಿದ ಮೇಲೆ ವಾರಕ್ಕೆ ಕೊಡುವ ಹೊಲಗಳೂ ಕಡಿಮೆಯಾಗುತ್ತಿವೆ. ಉಳುವವನೇ ಹೊಲದೊಡೆಯ ಅಂತ ಹೊರಟ ಕಾಯ್ದೆ ಕೊಳ್ಳುವವನೇ ಹೊಲದೊಡೆಯ ಅನ್ನುವಲ್ಲಿಗೆ ಬಂದು ನಿಂತಿದೆ.

ನಮ್ಮ ಸೀಮೆ 2007ರವರೆಗೆ ಕೋಲಾರ ಜಿಲ್ಲೆ. ಆಮೇಲೆ ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಗೌರಿಬಿದನೂರು ತಾಲೂಕಿನ ಹೋಬಳಿಯಾಗಿದ್ದ ಮಂಚೇನಹಳ್ಳಿ ಈಗ ತಾನೇ ಒಂದು ತಾಲೂಕು. ತಾಲೂಕಾದ ಮೇಲೆ ಭೂಮಿಗೆ ಬೆಲೆ ಏರಿದೆ. ತಾತ ಕುಂಟೆ ಬಿಟ್ಟು ಬಂದ ಹೊಲದಲ್ಲಿ ಈಗ ಬಿಳಿ ಬಣ್ಣ ಬಳಿದ ಕಲ್ಲು ನೆಟ್ಟಿದ್ದಾರೆ. ಸೈಟು ಮಾಡುತ್ತಾರಂತೆ. ಕಲ್ಲು ನೆಡುವ ಕೂಲಿಗೆ ನಮ್ಮ ಚಿಕ್ಕಪ್ಪನೇ ಹೋಗಿದ್ದ. ದಿನಕ್ಕೆ ಆರುನೂರು. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಕಾಗದಗಳನ್ನು ಅಪ್ಪನ ಮುಂದೆ ಹರಡಿ ಓದಿ ಹೇಳಿದೆ. ಅಪ್ಪ ಕೇಳುತ್ತಾ ಬೀಡಿ ಸೇದಿದ. ಎರಡು ತಾರೀಖು ಒಂದೇ ಅಂತ ಹೇಳಿದಾಗ ಬೀಡಿ ಕೆಳಗಿಟ್ಟ. ‘ಹಂಗಾದ್ರೆ ಕಡ್ಲೇಕಾಯಿ ಚೀಲದ ದಿನಾನಾ?’ ಅಂದ. ಹೌದಪ್ಪ ಅಂದೆ. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

‘ಈಗೇನ್ ಮಾಡ್ಬೇಕು ಅಂತೀಯ?’

ಮೂರು ಸಲ ಕೂಗಿ ವಜಾ ಮಾಡಿದ್ದಾರೆ, ತಾತನ ಮಾತು ಕೇಳಲೇ ಇಲ್ಲ. ಹೈಕೋರ್ಟಿಗೆ ರಿಟ್ ಹಾಕಿ, ವಾಪಸು ನ್ಯಾಯಮಂಡಳಿಗೆ ಕಳಿಸಿ ಅಂತ ಕೇಳಬಹುದು ಅಂದೆ. ರಾಜ್ಯದಲ್ಲಿ ಹಾಗೆ ವಾಪಸು ಬಂದ ಪ್ರಕರಣಗಳು ಬೇಕಾದಷ್ಟಿವೆ. ಆದರೆ ನಲವತ್ತೈದು ವರ್ಷಕ್ಕೂ ಮೇಲಾಯಿತು. ಇಷ್ಟು ದಿನ ಎಲ್ಲಿ ಮಲಗಿದ್ದಿರಿ ಅಂತ ಕೇಳುತ್ತಾರೆ. ಗೆಲ್ಲುತ್ತೇವೆ ಅಂತ ನಾನು ಹೇಳಲಾರೆ ಅಂತಲೂ ಅಂದೆ. ಸುಳ್ಳು ಭರವಸೆ ಕೊಟ್ಟು ಮನೆಯವರ ಹತ್ತಿರ ಇನ್ನೆರಡು ಕುರಿ ಮಾರಿಸುವ ಮನಸ್ಸು ನನಗಿಲ್ಲ.

‘ನಾಳೆ ಅವರ ಬೋರ್‌ವೆಲ್ ನೀರೇ ನಮ್ಗೆ ಬೇಕು ಕಣಪ್ಪಾ’ ಅಂದ ಅಪ್ಪ. ಇದು ಹೆದರಿಕೆಯ ಮಾತು ಅಂತ ನಾನು ಹಿಂದೆ ಸಭೆಗಳಲ್ಲಿ ಭಾಷಣ ಮಾಡಿದ್ದುಂಟು. ಅಪ್ಪನ ಬಾಯಲ್ಲಿ ಅದು ಲೆಕ್ಕದ ಮಾತಾಗಿತ್ತು. ನೀರಿನ ಲೆಕ್ಕ, ಹಸುವಿನ ಲೆಕ್ಕ, ತಂಗಿಯ ಕಾಲೇಜಿನ ಲೆಕ್ಕ.

ಅಜ್ಜಿ ಮೂಲೆಯಲ್ಲಿ ಕೂತಿದ್ದಳು. ಅವಳಿಗೆ ಕಿವಿ ಮಂದ. ಕೇಳಿಸಲಿಲ್ಲ ಅಂತ ನಾವು ಅಂದುಕೊಂಡಿದ್ದೆವು. ಎದ್ದು ಬಂದು ಆ ಎರಡು ನೋಟೀಸು ಕೈಗೆತ್ತಿಕೊಂಡು ಕಣ್ಣ ಹತ್ತಿರ ಹಿಡಿದಳು. ಓದು ಬಾರದು, ಆದರೂ ಹಿಡಿದಳು. ‘ಅವತ್ತು ಕಾಲು ಊದಿಸ್ಕೊಂಡು ಬಂದಿದ್ರು. ಬಿಸ್ನೀರಾಕಿ ತಿಕ್ಕಿದ್ದೆ. ನಿಂತೂ ನಿಂತೂ ಊದ್ಕೊಂಡಿತ್ತು’ ಅಂದಳು. ಅಷ್ಟೇ ಅಂದಳು.

ದೃಢೀಕೃತ ನಕಲುಗಳಿಗೆ ಅರ್ಜಿ ಹಾಕಿದ್ದೇನೆ. ಬಂದ ಮೇಲೆ ಹೈಕೋರ್ಟಿನ ಮಾತು. ಅಷ್ಟರೊಳಗೆ ಇನ್ನೊಂದು ಕೆಲಸ ಶುರುಮಾಡಿದ್ದೇವೆ. ಭಾನುವಾರ ಸಂಜೆ ಕೇರಿಯ ಅಂಬೇಡ್ಕರ್ ಭವನದ ಜಗಲಿಯಲ್ಲಿ ನಾವು ನಾಲ್ಕು ಜನ ಓದಿದವರು ಕೂರುತ್ತೇವೆ. ಯಾರ ಮನೆಯ ಕಾಗದವಾದರೂ ತರಬಹುದು. ಮೊದಲು ತಾರೀಖು ಓದುತ್ತೇವೆ, ಆಮೇಲೆ ಯಾವ ಕಛೇರಿಯದು ಅಂತ, ಆಮೇಲೆ ಒಳಗಿನ ವಿಷಯ. ಎರಡು ಕಾಗದದ ತಾರೀಖು ಒಂದೇ ಆಗಿದ್ದರೆ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತೇವೆ. ಮೊದಲ ಭಾನುವಾರ ಇಬ್ಬರು ಬಂದರು. ಮೂರನೇ ಭಾನುವಾರ ಹನ್ನೊಂದು ಜನ. ಪಕ್ಕದೂರಿನಿಂದ ಒಬ್ಬ ಮುದುಕ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದ. ನಮೂನೆ 7ರ ಹಿಂಬರಹ. 1979ರ ಜೂನ್ ತಿಂಗಳ ತಾರೀಖು, ಗಡುವಿಗೆ ಎರಡು ದಿನ ಮುಂಚಿನದು. ಯಾವ ಆದೇಶವೂ ಆದ ಹಾಗೆ ಕಾಣಲಿಲ್ಲ. ನೋಟೀಸೇ ಬರಲಿಲ್ಲವಂತೆ.

‘ಇದು ಯಾವ ಕೋಲ್ಟಿಂದು ಸ್ವಾಮಿ?’ ಅಂತ ಕೇಳಿದ. ನಾನು ಅವನ ಮೊಮ್ಮಗನ ವಯಸ್ಸಿನವನು. ಸ್ವಾಮಿ ಅನ್ನಬೇಡ ತಾತ ಅಂದು, ಪಕ್ಕದಲ್ಲಿ ಕೂರಿಸಿಕೊಂಡು, ಕಾಗದ ಬಿಡಿಸಿ ಹೇಳಲು ಶುರುಮಾಡಿದೆ.